‘ನಮ್ಮ ಹೋರಿ ಸೋಲೋದೇ ಇಲ್ಲ’: ಗೆಲುವು ರಕ್ತದಲ್ಲಿದೆಯೇ, ಲೆಕ್ಕದಲ್ಲಿದೆಯೇ?

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹಾವೇರಿ ಜಿಲ್ಲೆಯ ಫೋನುಗಳಲ್ಲಿ ಬೇರೆಯದೇ ಹಂಗಾಮು ಶುರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಯಾವುದೇ ವಾಟ್ಸಾಪ್ ಗ್ರೂಪಿನಲ್ಲಿ ನೀವಿದ್ದರೆ ಗೊತ್ತಿರುತ್ತದೆ. ಬಲೂನು ಕಟ್ಟಿದ ಹೋರಿಯ ವಿಡಿಯೊ, ಹಿಂದೆ ಸಿನಿಮಾ ಹಾಡು, ಕೆಳಗೆ ‘ಸೋಲಿಲ್ಲದ ಸರದಾರ’, ‘ಈ ಊರಿನ ರಕ್ತದಲ್ಲೇ ಗೆಲುವಿದೆ’ ಎಂಬಂಥ ಸಾಲು. ಅದರ ಬೆನ್ನಿಗೇ ಇನ್ನೊಂದು ಬಗೆಯವು: ‘ಬ್ಯಾನರ್ ಹಾಕಿದ್ದಕ್ಕೆ ದೃಷ್ಟಿಯಾಯಿತು, ಹೋರಿ ಸೋತಿತು’, ‘ಎದುರು ಪಾರ್ಟಿಯವರು ಮೋಸ ಮಾಡಿದರು, ವಿಡಿಯೊ ನೋಡಿ’.

ನಮ್ಮ ಕುಟುಂಬದ ಗ್ರೂಪಿನಲ್ಲೂ ಇದೇ ಕತೆ. ಹಾನಗಲ್ಲ ತಾಲ್ಲೂಕಿನಲ್ಲಿರುವ ನಮ್ಮ ಕಾಕಾ ಹೋರಿ ಸಾಕಿದವರು. ‘ಗೆಲುವು ರಕ್ತದಾಗ ಐತಿ ಅಂತೀರಲ್ಲ, ಅದು ಹೆಂಗ ಗೊತ್ತು?’ ಎಂದು ಒಮ್ಮೆ ಕೇಳಿದ್ದೆ. ‘ಯವ್ವಾ, ಆರು ಊರಿನ್ಯಾಗ ಓಡೇತಿ, ಒಂದ್ ಊರಾಗೂ ಕೊಬ್ಬರಿ ಕೊಟ್ಟಿಲ್ಲ. ಇನ್ನೇನ್ ಬೇಕ್ ಸಾಕ್ಷಿ?’ ಎಂದರು. ಸಾಕ್ಷಿ ಗಟ್ಟಿಯಾಗೇ ಕಾಣುತ್ತದೆ. ಆದರೆ ಆರು ಗೆಲುವು ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂದು ನೋಡಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು.

ಮೊದಲು ಈ ಭಾಗದವರಲ್ಲದ ಓದುಗರಿಗೆ ನಾಲ್ಕು ಮಾತು. ಹೋರಿ ಹಬ್ಬ, ಕೊಬ್ಬರಿ ಹೋರಿ, ದನ ಬೆದರಿಸುವ ಸ್ಪರ್ಧೆ ಎಂದು ಇದಕ್ಕೆ ಹಲವು ಹೆಸರು. ಹೋರಿಯ ಕೊರಳಿಗೆ ಒಣ ಕೊಬ್ಬರಿಯ ಹಾರ ಹಾಕಿ, ಕೋಡಿಗೆ ಬಣ್ಣ, ಬಲೂನು, ರಿಬ್ಬನ್ ಕಟ್ಟಿ, ಎರಡೂ ಕಡೆ ಜನ ನಿಂತ ದಾರಿಯಲ್ಲಿ ಬಿಡುತ್ತಾರೆ. ಓಡುವ ಹೋರಿಯನ್ನು ತಡೆದು ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಕೊಬ್ಬರಿ ಕೊಡದೆ ಪಾರಾದರೆ ಹೋರಿ ಗೆದ್ದಂತೆ, ಹರಿದುಕೊಂಡರೆ ಹುಡುಗರು ಗೆದ್ದಂತೆ. ನಿಯಮ ಊರಿಂದ ಊರಿಗೆ ಬೇರೆ. ದೀಪಾವಳಿಗೆ ಶುರುವಾದದ್ದು ಒಂದೂರು ಮುಗಿಸಿ ಇನ್ನೊಂದೂರು ಎಂದು ತಿಂಗಳುಗಟ್ಟಲೆ ನಡೆಯುತ್ತದೆ. ಪಕ್ಕದ ಶಿಕಾರಿಪುರ, ಸೊರಬದಲ್ಲೂ ಇದೇ ಹುಚ್ಚು. ಹೆಸರು ಮಾಡಿದ ಹೋರಿಗೆ ಅಭಿಮಾನಿ ಬಳಗ ಇರುತ್ತದೆ. ಅದರ ಹೆಸರಿನ ಟೀ ಶರ್ಟ್, ಬಾವುಟ, ಟ್ರ್ಯಾಕ್ಟರ್ ತುಂಬ ಜನ, ಯೂಟ್ಯೂಬ್ ವಿಡಿಯೊಗಳು. ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ.

ಈಗ ಕಾಕಾನ ಆರು ಊರಿನ ಲೆಕ್ಕ.

ಒಂದು ಕಲ್ಪನೆ ಮಾಡಿಕೊಳ್ಳಿ. 64 ಹೋರಿಗಳಿವೆ. ಶಕ್ತಿಯಲ್ಲಿ, ಓಟದಲ್ಲಿ ಎಲ್ಲವೂ ಸರಿಸಮ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿ ಊರಿನಲ್ಲೂ ಕೊಬ್ಬರಿ ಉಳಿಸಿಕೊಳ್ಳುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಮೊದಲ ಊರು ಮುಗಿದಾಗ ಸೋಲದ ಹೋರಿಗಳು ಸುಮಾರು 32. ಎರಡನೆಯ ಊರಿನ ನಂತರ 16, ಆಮೇಲೆ 8, 4, 2. ಆರನೆಯ ಊರು ಮುಗಿಯುವಾಗ ಒಂದು ಹೋರಿ ಉಳಿದಿರುತ್ತದೆ, ಒಮ್ಮೆಯೂ ಕೊಬ್ಬರಿ ಕೊಡದ್ದು. ಅದು ಬೇರೆಯವುಗಳಿಗಿಂತ ಎಳ್ಳಷ್ಟೂ ಮೇಲಲ್ಲ ಎಂದು ನಾವೇ ಮೊದಲು ನಿಗದಿ ಮಾಡಿಕೊಂಡಿದ್ದೆವು. ಆದರೂ ಬ್ಯಾನರ್ ಬೀಳುವುದು ಅದಕ್ಕೇ. ಉಳಿದ 63 ಹೋರಿಗಳ ವಿಡಿಯೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಹಾಗಾಗಿ ಲೆಕ್ಕದ ಆ ಭಾಗ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇದೇ ಲೆಕ್ಕದ ಮೇಲೆ ಒಂದು ಮೋಸವೂ ನಡೆಯುತ್ತದೆ. ಕ್ರಿಕೆಟ್ ಮ್ಯಾಚಿನ ಫಲಿತಾಂಶ ಮೊದಲೇ ಹೇಳುತ್ತೇವೆ ಎನ್ನುವವರು ಅರ್ಧ ಜನಕ್ಕೆ ‘ಈ ಟೀಮ್ ಗೆಲ್ಲುತ್ತದೆ’, ಇನ್ನರ್ಧಕ್ಕೆ ‘ಆ ಟೀಮ್ ಗೆಲ್ಲುತ್ತದೆ’ ಎಂದು ಮೆಸೇಜ್ ಕಳಿಸುತ್ತಾರೆ. ತಪ್ಪು ಹೋದವರನ್ನು ಬಿಟ್ಟು, ಸರಿ ಹೋದವರನ್ನು ಮತ್ತೆ ಎರಡು ಪಾಲು ಮಾಡುತ್ತಾರೆ. ಐದಾರು ಸುತ್ತಿನ ನಂತರ ಉಳಿದ ಕೆಲವರಿಗೆ ಇವನು ಸಾಕ್ಷಾತ್ ಜ್ಯೋತಿಷಿಯಂತೆ ಕಾಣುತ್ತಾನೆ. ಆಗ ದುಡ್ಡು ಕೇಳುತ್ತಾನೆ.

ನಿಜವಾದ ಹೋರಿಗಳು ಸರಿಸಮ ಇರುವುದಿಲ್ಲ ಎಂದು ನೀವು ಹೇಳಬಹುದು. ಖಂಡಿತ ಇರುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಆರು ಗೆಲುವಿನ ಸಾಲು ಕಂಡ ಮಾತ್ರಕ್ಕೆ ಅದರ ಹಿಂದೆ ವಿಶೇಷ ಶಕ್ತಿ ಇದೆ ಎಂದು ತೀರ್ಮಾನಿಸಲು ಆಗುವುದಿಲ್ಲ. ಅದೃಷ್ಟ ಒಂದೇ ಕೆಲಸ ಮಾಡಿದ್ದರೂ ಅಂಥ ಸಾಲು ಎಲ್ಲೋ ಒಂದು ಕಡೆ ಬಂದೇ ಬರುತ್ತಿತ್ತು.

ದೃಷ್ಟಿಯ ವಿಚಾರಕ್ಕೂ ಉತ್ತರ ಇಲ್ಲೇ ಇದೆ. ಒಂದು ಹೋರಿಯ ಬ್ಯಾನರ್ ಯಾವಾಗ ಹಾಕುತ್ತೇವೆ? ಅದು ಅತ್ಯುತ್ತಮವಾಗಿ ಓಡಿದ ಮಾರನೆಯ ದಿನ. ಅತ್ಯುತ್ತಮ ದಿನವೆಂದರೆ ಹೋರಿಯ ಶಕ್ತಿಯ ಜೊತೆ ಎಲ್ಲವೂ ಕೂಡಿಬಂದ ದಿನ: ದಾರಿ ಒಣಗಿತ್ತು, ಹಿಡಿಯುವ ಹುಡುಗ ಅರೆಕ್ಷಣ ತಡಮಾಡಿದ, ಹಾರದ ಗಂಟು ಬಿಗಿಯಾಗಿತ್ತು. ಮುಂದಿನ ಊರಿನಲ್ಲಿ ಶಕ್ತಿ ಅಷ್ಟೇ ಇರುತ್ತದೆ, ಉಳಿದದ್ದೆಲ್ಲ ಮತ್ತೆ ಹಾಗೇ ಕೂಡಿಬರುವ ಖಾತ್ರಿ ಇರುವುದಿಲ್ಲ. ಹಾಗಾಗಿ ಅತಿ ಒಳ್ಳೆಯ ಓಟದ ನಂತರ ಬರುವುದು ಬಹುತೇಕ ಅದಕ್ಕಿಂತ ಸ್ವಲ್ಪ ಕಡಿಮೆಯ ಓಟವೇ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಇದನ್ನು ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ತೋರಿಸಿದ. ತೀರಾ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಿಗಿಂತ ಕೊಂಚ ಗಿಡ್ಡ, ತೀರಾ ಗಿಡ್ಡವರ ಮಕ್ಕಳು ಅವರಿಗಿಂತ ಕೊಂಚ ಎತ್ತರ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಅಮೆರಿಕದಲ್ಲೂ ಒಂದು ಕ್ರೀಡಾ ಪತ್ರಿಕೆಯ ಮುಖಪುಟದಲ್ಲಿ ಫೋಟೊ ಬಂದ ಆಟಗಾರ ಮುಂದೆ ಸೋಲುತ್ತಾನೆ ಎಂಬ ನಂಬಿಕೆ ದಶಕಗಳಿಂದ ಇದೆ. ಅಲ್ಲಿ ಮುಖಪುಟ, ಇಲ್ಲಿ ಫ್ಲೆಕ್ಸ್.

ತಮಾಷೆಯೆಂದರೆ ಇದು ತಿರುಗಿಸಿದರೂ ನಡೆಯುತ್ತದೆ. ತೀರಾ ಕೆಟ್ಟದಾಗಿ ಓಡಿದ ದಿನ ದೃಷ್ಟಿ ತೆಗೆದು, ಕರಿ ದಾರ ಕಟ್ಟಿ, ನಿಂಬೆಹಣ್ಣು ತುಳಿಸುತ್ತೇವೆ. ಮುಂದಿನ ಓಟ ಅದಕ್ಕಿಂತ ಉತ್ತಮವಾಗಿಯೇ ಇರುತ್ತದೆ, ಏಕೆಂದರೆ ಅದಕ್ಕಿಂತ ಕೆಟ್ಟದಾಗುವುದು ಕಷ್ಟ. ಹೆಸರು ನಿಂಬೆಹಣ್ಣಿಗೆ ಹೋಗುತ್ತದೆ.

ಹಾಗಾದರೆ ‘ರಕ್ತ’, ‘ತಳಿ’ ಎಲ್ಲ ಸುಳ್ಳೇ? ಪೂರ್ತಿ ಸುಳ್ಳಲ್ಲ. ಅಮೃತ ಮಹಲ್, ಹಳ್ಳಿಕಾರ್, ಖಿಲಾರಿ ಮೊದಲಾದ ತಳಿಗಳು ಚುರುಕಿಗೆ ಹೆಸರಾದವು, ನೂರಾರು ವರ್ಷ ಜನ ಆರಿಸಿ ಬೆಳೆಸಿದವು. ಎಮ್ಮೆಯನ್ನೋ ಜರ್ಸಿ ಹೋರಿಯನ್ನೋ ಅಖಾಡಕ್ಕೆ ಯಾರೂ ತರುವುದಿಲ್ಲ. ಆದರೆ ಒಂದೇ ತಳಿಯ ಒಳಗೆ, ‘ಇಂಥ ಹೋರಿಯ ಮಗ, ಗೆದ್ದೇ ಗೆಲ್ಲುತ್ತದೆ’ ಎನ್ನುವುದು ಎಷ್ಟು ನಿಜ? ಕೊಬ್ಬರಿ ಹೋರಿಯ ಓಟಕ್ಕೆ ಕುದುರೆ ರೇಸಿನಂತೆ ತಲೆಮಾರುಗಳ ದಾಖಲೆ ಪುಸ್ತಕವಿಲ್ಲ, ಹಾಗಾಗಿ ಕುದುರೆಗಳ ಕಡೆ ನೋಡೋಣ. ಅಲ್ಲಿ ಅಪ್ಪ, ಅಜ್ಜ, ಗಳಿಸಿದ ಬಹುಮಾನ ಎಲ್ಲವೂ ಬರೆದಿಟ್ಟಿರುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಆಲಸ್ಟೇರ್ ವಿಲ್ಸನ್ ಮತ್ತು ಆಂಡ್ರ್ಯೂ ರಾಂಬೋ 2008ರಲ್ಲಿ ಸಾವಿರಾರು ರೇಸ್ ಕುದುರೆಗಳ ದಾಖಲೆ ಕೆದಕಿದರು. ಒಂದು ಕುದುರೆ ಜೀವಮಾನದಲ್ಲಿ ಗೆಲ್ಲುವ ಹಣದಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶ ಕಾರಣವಾಗುವುದು ಶೇಕಡಾ 10ರಷ್ಟು ಮಾತ್ರ ಎಂದು ಅವರಿಗೆ ಕಂಡಿತು. ಉಳಿದದ್ದು ಹೇಗೆ ಸಾಕಿದರು, ಯಾರು ತರಬೇತಿ ಕೊಟ್ಟರು, ಯಾವ ರೇಸಿಗೆ ಬಿಟ್ಟರು ಎಂಬುದರದ್ದು.

ಇದನ್ನು ಹೋರಿಗೆ ಅಳೆದು ತೂಗಿ ಹಾಗೇ ಹೊಂದಿಸಲಾಗದು. ಆದರೆ ಕಾಕಾನ ಕೊಟ್ಟಿಗೆ ನೋಡಿದವಳಾಗಿ ಹೇಳುತ್ತೇನೆ, ‘ಸಾಕಿದ್ದು’ ಎನ್ನುವುದು ಸಣ್ಣ ಮಾತಲ್ಲ. ಹುರುಳಿ, ಹತ್ತಿಕಾಳು, ಹಿಂಡಿ, ಬೆಳಗ್ಗೆ ಸಂಜೆ ನಡಿಗೆ, ಕೆರೆಯಲ್ಲಿ ಈಜು, ಗೊರಸಿನ ಆರೈಕೆ. ವರ್ಷವಿಡೀ ಹೊಲದ ಕೆಲಸವಿಲ್ಲದೆ ಒಂದು ಹೋರಿಯನ್ನು ಸಾಕುವ ತಾಕತ್ತು ಎಲ್ಲ ಮನೆಗೂ ಇರುವುದಿಲ್ಲ. ಗೆದ್ದ ಮನೆಗೆ ಬಹುಮಾನ ಬರುತ್ತದೆ, ಬೈಕೋ ಬಂಗಾರವೋ. ಅಭಿಮಾನಿಗಳು ಹಿಂಡಿಗೆ ದುಡ್ಡು ಕೂಡಿಸುತ್ತಾರೆ. ಮುಂದಿನ ಹೋರಿಯನ್ನು ಆರಿಸಿ ತರುವ ಅನುಭವವೂ ಆ ಮನೆಯಲ್ಲಿ ಉಳಿಯುತ್ತದೆ. ಗೆಲುವು ಗೆಲುವನ್ನು ಎಳೆಯುವುದು ಹೀಗೆ. ಒಂದು ಊರಿಗೆ ‘ಗೆಲ್ಲುವ ಪರಂಪರೆ’ ಎಂಬುದೇನಾದರೂ ಇದ್ದರೆ ಅದು ಹೋರಿಯ ರಕ್ತಕ್ಕಿಂತ ಹೆಚ್ಚಾಗಿ ಕೊಟ್ಟಿಗೆಯಲ್ಲಿ, ಕಿಸೆಯಲ್ಲಿ, ಹಿರಿಯರ ಕಣ್ಣಿನಲ್ಲಿ ಇರುತ್ತದೆ.

ಇನ್ನು ಅಭಿಮಾನಿಗಳ ಸರದಿ. ಓಡುವುದು ಹೋರಿ, ಸಾಕುವುದು ಯಾರದೋ ಮನೆಯವರು. ಆದರೂ ‘ನಾವು ಗೆದ್ವಿ’ ಎಂದು ನೂರಾರು ಹುಡುಗರು ಏಕೆ ಹೇಳುತ್ತಾರೆ?

ಇದರ ಮೇಲೆ ನಡೆದ ಅತ್ಯಂತ ಹೆಸರಾದ ಅಧ್ಯಯನ ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಮೇಲಿನದು. ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕಾಲೇಜು ಹುಡುಗರ ಆ ಆಟ ನೋಡಲು ಮಿಶಿಗನ್‌ನಂಥ ಕಡೆ ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣಗಳಿವೆ. ತಾತ ಓದಿದ ಕಾಲೇಜಿನ ತಂಡಕ್ಕೇ ಮೊಮ್ಮಗನೂ ಜೈ ಎನ್ನುತ್ತಾನೆ. ಹೋರಿ ಹಬ್ಬ ನೋಡಿದವರಿಗೆ ಆ ಹುಚ್ಚನ್ನು ಬಿಡಿಸಿ ಹೇಳಬೇಕಿಲ್ಲ. 1973ರ ಆಟದ ಹಂಗಾಮಿನಲ್ಲಿ ರಾಬರ್ಟ್ ಚಾಲ್ಡಿನಿ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಪ್ರತಿ ಸೋಮವಾರ ಒಂದು ಸರಳ ಎಣಿಕೆ ಮಾಡಿಸಿದರು: ಎಷ್ಟು ಹುಡುಗರು ತಮ್ಮ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬಂದಿದ್ದಾರೆ? ವಾರಾಂತ್ಯದಲ್ಲಿ ತಂಡ ಗೆದ್ದಿದ್ದರೆ ಆ ಸಂಖ್ಯೆ ಹೆಚ್ಚು, ಸೋತಿದ್ದರೆ ಕಡಿಮೆ. ಫೋನ್ ಮಾಡಿ ಆಟದ ಬಗ್ಗೆ ಕೇಳಿದಾಗ ಗೆದ್ದ ಆಟಕ್ಕೆ ‘ನಾವು ಗೆದ್ದೆವು’ ಎನ್ನುವವರೇ ಸೋತ ಆಟಕ್ಕೆ ‘ಅವರು ಸೋತರು’ ಎನ್ನುವ ಕಡೆ ವಾಲುತ್ತಿದ್ದರು. 1976ರಲ್ಲಿ ಪ್ರಕಟವಾದ ಆ ಅಧ್ಯಯನ ಇದನ್ನು ಬೇರೆಯವರ ಕೀರ್ತಿಯ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು ಎಂದು ಕರೆಯಿತು.

ಅದರಲ್ಲಿ ನನಗೆ ಮುಖ್ಯವೆನಿಸುವ ಇನ್ನೊಂದು ಭಾಗವಿದೆ. ಆಟದ ಬಗ್ಗೆ ಕೇಳುವ ಮೊದಲು ವಿದ್ಯಾರ್ಥಿಗಳಿಗೆ ಒಂದು ಸಣ್ಣ ರಸಪ್ರಶ್ನೆ ಕೊಟ್ಟು, ಕೆಲವರಿಗೆ ‘ಚೆನ್ನಾಗಿ ಮಾಡಿದಿರಿ’ ಎಂದೂ ಕೆಲವರಿಗೆ ‘ಕೆಟ್ಟದಾಗಿ ಮಾಡಿದಿರಿ’ ಎಂದೂ ಬೇಕಂತಲೇ ಹೇಳಿದರು. ಕೆಟ್ಟದಾಗಿ ಮಾಡಿದಿರಿ ಎನ್ನಿಸಿಕೊಂಡವರಲ್ಲಿ ಗೆಲುವಿಗೆ ‘ನಾವು’, ಸೋಲಿಗೆ ‘ಅವರು’ ಎನ್ನುವ ಈ ಅಭ್ಯಾಸ ಹೆಚ್ಚು ಎದ್ದು ಕಂಡಿತು. ಮನಸ್ಸಿಗೆ ಪೆಟ್ಟು ಬಿದ್ದವನು ಗೆದ್ದ ತಂಡವನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತಾನೆ. ಡಿಗ್ರಿ ಮುಗಿಸಿ ಕೆಲಸ ಸಿಗದೆ, ಮಳೆ ಕೈಕೊಟ್ಟ ಗೋವಿನಜೋಳದ ಹೊಲಕ್ಕೆ ಮರಳಿದ ಹುಡುಗನೊಬ್ಬ ‘ನಮ್ಮ ಹೋರಿ’ ಎಂದು ಎದೆ ತಟ್ಟಿಕೊಂಡರೆ ಅದನ್ನು ಮೂಢತನ ಎಂದು ನಗುವವರಿಗೆ ಈ ಪ್ರಯೋಗ ಓದಿಸಬೇಕು ಎನಿಸುತ್ತದೆ. ಆ ಅಮೆರಿಕದ ಹುಡುಗರಿಗೆ ಬಿದ್ದ ಪೆಟ್ಟು ಒಂದು ರಸಪ್ರಶ್ನೆ, ಅಷ್ಟೇ.

ಎಲ್ಲ ಅಭಿಮಾನಿಗಳೂ ಒಂದೇ ತರಹದವರಲ್ಲ ಎಂಬುದನ್ನೂ ಹೇಳಬೇಕು. ಡೇನಿಯಲ್ ವ್ಯಾನ್ ಮತ್ತು ನೈಲಾ ಬ್ರಾನ್‌ಸ್ಕೂಂಬ್ 1990ರಲ್ಲಿ ತೋರಿಸಿದ ಪ್ರಕಾರ, ತಂಡದ ಜೊತೆ ಗಾಢವಾಗಿ ಬೆರೆತವರು ಸೋತಾಗಲೂ ದೂರ ಸರಿಯುವುದು ಕಡಿಮೆ. ಗೆದ್ದಾಗ ಬಂದು ಸೋತಾಗ ಮಾಯವಾಗುವವರು ಮೇಲುಮೇಲಿನ ಅಭಿಮಾನಿಗಳು. ನಮ್ಮ ಕಡೆಯ ಮಾತಿನಲ್ಲಿ ಅವರು ಜಾತ್ರಿ ಮಂದಿ.

ಗಾಢ ಅಭಿಮಾನಕ್ಕೆ ಒಂದು ತೊಂದರೆ ಇದೆ. ಅದು ಕಣ್ಣನ್ನೇ ಬದಲಿಸುತ್ತದೆ. ‘ಮೋಸ ನೋಡಿ’ ಎಂಬ ವಿಡಿಯೊಗಳು ಹುಟ್ಟುವುದು ಇಲ್ಲೇ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್‌ಸ್ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಒಂದು ಕಡೆಯ ಮುಖ್ಯ ಆಟಗಾರನ ಮೂಗು ಮುರಿಯಿತು, ಇನ್ನೊಂದು ಕಡೆಯವನ ಕಾಲು ಮುರಿಯಿತು. ಆ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಯಾರು ಎಷ್ಟು ತಪ್ಪು ಮಾಡಿದರು ಎಂದು ಎಣಿಸಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಎಣಿಸಿದ ತಪ್ಪುಗಳ ಎರಡು ಪಟ್ಟಿಗಿಂತ ಹೆಚ್ಚು ತಪ್ಪುಗಳು ಅದೇ ತಂಡದಲ್ಲಿ ಪ್ರಿನ್‌ಸ್ಟನ್‌ನವರಿಗೆ ಕಂಡವು. ಫಿಲ್ಮ್ ಒಂದೇ. ಯಾರೂ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಕಂಡದ್ದೇ ಹಾಗೆ. 1954ರ ಆ ಅಧ್ಯಯನವನ್ನು ಇಂದಿಗೂ ಸಂವಹನ ತರಗತಿಗಳಲ್ಲಿ ಪಾಠ ಮಾಡುತ್ತಾರೆ, ನನಗೂ ಮಾಡಿದ್ದರು.

ಈಗ ಇಪ್ಪತ್ತು ಸೆಕೆಂಡಿನ ಮೊಬೈಲ್ ಕ್ಲಿಪ್ ನೆನೆಸಿಕೊಳ್ಳಿ. ಎಲ್ಲಿಂದ ಕತ್ತರಿಸಿದ್ದಾರೆ ಗೊತ್ತಿಲ್ಲ, ಯಾವ ವರ್ಷದ್ದು ಗೊತ್ತಿಲ್ಲ, ಧೂಳಿನಲ್ಲಿ ಕೊಬ್ಬರಿ ಹರಿದದ್ದು ಗೆರೆಯ ಒಳಗೋ ಹೊರಗೋ ಕಾಣುವುದಿಲ್ಲ. ಪೂರ್ತಿ ಪಂದ್ಯದ ಫಿಲ್ಮ್ ನೋಡಿದವರಿಗೇ ಎರಡು ಬಗೆಯಾಗಿ ಕಂಡಿತ್ತು. ಅಂಥ ಕ್ಲಿಪ್ಪಿನ ಕೆಳಗೆ ಎರಡು ಊರುಗಳ ಹೆಸರು ಹಾಕಿ ಕಳಿಸಿದರೆ ಅದು ಬರೀ ಹೋರಿಯ ಜಗಳವಾಗಿ ಉಳಿಯುವುದಿಲ್ಲ. ಆ ಎರಡು ಊರಿನವರು ಮಾರನೆಯ ದಿನ ಒಂದೇ ಬಸ್ಸಿನಲ್ಲಿ ಕೂರಬೇಕು, ಒಂದೇ ಸಂತೆಗೆ ಹೋಗಬೇಕು.

ಅಭಿಮಾನದ ಕಣ್ಣು ಜೀವ ತೆಗೆಯುವುದೂ ಉಂಟು. ‘ನಮ್ಮ ಹೋರಿ ನಮ್ಮೋರಿಗೆ ಹಾಯಂಗಿಲ್ಲ, ಅದಕ್ಕ ಮಂದಿ ಗುರುತು ಸಿಗ್ತೈತಿ’ ಎಂಬ ಮಾತನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಸಾಕಿದವರ ಗುರುತು ದನಗಳಿಗೆ ಸಿಗುವುದು ನಿಜ, ಮುಖವನ್ನೂ ಧ್ವನಿಯನ್ನೂ ನೆನಪಿಡುತ್ತವೆ. ಅದು ಕೊಟ್ಟಿಗೆಯ ಮಾತು. ಬೆದರಿದ ಹೋರಿಯ ಲೋಕ ಬೇರೆ. ದನದ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುಪಾಲು ಕಾಣುತ್ತದೆ, ನೆಟ್ಟ ಹಿಂಬದಿ ಕಾಣುವುದಿಲ್ಲ. ಆದರೆ ಮುಂದಿರುವುದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ನಮ್ಮಷ್ಟು ಸಿಗುವುದಿಲ್ಲ. ಎರಡೂ ಕಡೆ ಕಿರುಚುವ ಜನ, ಹಿಂದೆ ಬೆನ್ನಟ್ಟುವವರು. ಹೋರಿಗೆ ಬೇಕಾದದ್ದು ಒಂದು ಸಂದು. ಆ ಸಂದಿನಲ್ಲಿ ನಿಂತವನು ಅಭಿಮಾನಿಯೋ ಎದುರಾಳಿಯೋ ಎಂದು ಅದು ನೋಡುವುದಿಲ್ಲ.

ಕೆಂಪು ಅಂಗಿ ಹಾಕದಿದ್ದರೆ ಹೋರಿ ಹಾಯುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ, ದನಗಳಲ್ಲಿ ಎರಡೇ. ಕೆಂಪು ಅವಕ್ಕೆ ನಮಗೆ ಕಾಣುವ ಹಾಗೆ ಕಾಣುವುದಿಲ್ಲ. ಅವನ್ನು ಕೆರಳಿಸುವುದು ಅಲುಗಾಟ, ಸದ್ದು, ಹತ್ತಿರ ಬರುವ ಗುಂಪು. ಬಿಳಿ ಅಂಗಿ ಹಾಕಿದವನೂ ಕೈ ಬೀಸಿದರೆ ಅಷ್ಟೇ ಅಪಾಯದಲ್ಲಿರುತ್ತಾನೆ.

ಅಪಾಯ ಎಷ್ಟು ಎಂಬುದಕ್ಕೆ ಅಂದಾಜು ಲೆಕ್ಕ ಹೀಗಿದೆ. 400 ಕಿಲೋ ತೂಕದ ಹೋರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಬೈಕು, ಸವಾರ ಸೇರಿ 200 ಕಿಲೋ ಇದ್ದು ಗಂಟೆಗೆ 42 ಕಿ.ಮೀ. ವೇಗದಲ್ಲಿ ಬಂದರೆ ಎಷ್ಟು ಶಕ್ತಿ ಇರುತ್ತದೋ ಅಷ್ಟೇ ಶಕ್ತಿ ಆ ಹೋರಿಯ ಓಟದಲ್ಲಿರುತ್ತದೆ. ವ್ಯತ್ಯಾಸವೆಂದರೆ ಬೈಕಿಗೆ ಬ್ರೇಕ್ ಇರುತ್ತದೆ, ಕೋಡು ಇರುವುದಿಲ್ಲ. ಹೋರಿ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಸತ್ತವರ ಸುದ್ದಿಗಳನ್ನು ಓದಿದರೆ, ಅವರಲ್ಲಿ ಹಲವರು ಕೊಬ್ಬರಿ ಹರಿಯಲು ಹೋದವರಲ್ಲ. ನೋಡಲು ನಿಂತವರು, ದಾರಿಯಲ್ಲಿ ಹೋಗುತ್ತಿದ್ದವರು. ಬೇಲಿಯಿಲ್ಲದ ಓಣಿಯಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತವನಿಗೆ ಹೋರಿ ಪರದೆಯಲ್ಲಿ ದೂರವಿದ್ದಂತೆಯೇ ಕಾಣುತ್ತಿರುತ್ತದೆ.

ಕಾನೂನಿನ ಬಗ್ಗೆಯೂ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ: ‘ಸುಪ್ರೀಂ ಕೋರ್ಟ್ ಹೋರಿ ಹಬ್ಬ ನಿಷೇಧಿಸಿದೆ’ ಮತ್ತು ‘ಕೋರ್ಟೇ ಒಪ್ಪಿದೆ, ಇನ್ನು ಯಾರೂ ಕೇಳುವ ಹಾಗಿಲ್ಲ’. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ತಡೆದದ್ದು ನಿಜ. ಆಮೇಲೆ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಮ್ಮ ತಿದ್ದುಪಡಿ ತಂದವು. ಕರ್ನಾಟಕದ ತಿದ್ದುಪಡಿಯಲ್ಲಿರುವುದು ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಅದರ ಹೊಣೆ ಜಿಲ್ಲಾಡಳಿತದ್ದು ಎಂದೂ ಹೇಳಿದೆ. ಹಾಗಾಗಿ ಅನುಮತಿ ಇಲ್ಲದೆ, ಬೇಲಿ ಇಲ್ಲದೆ ಹೋರಿ ಬಿಡುವವರು ಈ ತೀರ್ಪನ್ನು ತೋರಿಸಿದರೆ ಅದರ ಅರ್ಧವನ್ನಷ್ಟೇ ತೋರಿಸಿದಂತೆ.

ಕಾಕಾನ ಆರು ಊರಿನ ಹೋರಿ ಏಳನೆಯ ಊರಿನಲ್ಲಿ ಕೊಬ್ಬರಿ ಕೊಟ್ಟಿತು. ಗ್ರೂಪಿನಲ್ಲಿ ಒಂದು ವಾರ ದೃಷ್ಟಿಯ ಚರ್ಚೆ ನಡೆಯಿತು. ನಾನು ಗಾಲ್ಟನ್ ಕತೆ ಬರೆದು ಹಾಕಿದೆ, ಯಾರೂ ಓದಲಿಲ್ಲ. ಬ್ಯಾನರಿನ ಜನ ಬೇರೆ ಹೋರಿಯ ಕಡೆ ಹೋದರು. ಈಗ ಅದಕ್ಕೆ ವಯಸ್ಸಾಗಿದೆ, ಅಖಾಡಕ್ಕೆ ಬಿಡುವುದಿಲ್ಲ. ಆದರೂ ಪ್ರತಿ ಬಲಿಪಾಡ್ಯಮಿಗೆ ಐದಾರು ಹುಡುಗರು ಹಳೆಯ, ಬಣ್ಣ ಹೋದ ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ. ಅದರ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಹೋಗುತ್ತಾರೆ. ‘ಏನ್ರೋ, ಈಗ ಓಡೂದಿಲ್ಲ ಇದು’ ಎಂದರೆ ‘ಗೊತ್ತೈತಿ ಕಾಕಾ’ ಎನ್ನುತ್ತಾರೆ.